ಸಭೆ ಆಮೇಲೆ, ಮೊದಲು ಅವನ ಹತ್ತಿರ ಹೋಗಿ

ಪ್ರಶ್ನೆ: ನನಗೆ 41 ವರ್ಷ. ಆಫೀಸಿನಲ್ಲಿ 11 ವರ್ಷದಿಂದ ನನ್ನ ಪಕ್ಕದಲ್ಲೇ ಕೂರುವ ಗೆಳೆಯನದು ಬೇರೆ ಧರ್ಮ. ನಮ್ಮಿಬ್ಬರ ನಡುವೆ ಅದು ಯಾವತ್ತೂ ಒಂದು ವಿಷಯವೇ ಆಗಿರಲಿಲ್ಲ. ಎರಡು ತಿಂಗಳ ಹಿಂದೆ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಬ್ಬರು ಅವನ ಧರ್ಮದವರನ್ನು ಕೆಟ್ಟದಾಗಿ ಬೈಯುವ ವಿಡಿಯೊ ಫಾರ್ವರ್ಡ್ ಮಾಡಿದರು. ಆರೇಳು ಜನ ನಗುವ ಎಮೋಜಿ ಹಾಕಿದರು. ನಾನು ನೋಡಿ ಸುಮ್ಮನಿದ್ದೆ. ಮರುದಿನ ಅವನು ಗ್ರೂಪ್ ಬಿಟ್ಟ. ಈಗ ಊಟಕ್ಕೂ ಜೊತೆಗೆ ಬರುವುದಿಲ್ಲ. ಕೇಳಿದರೆ ‘ಏನಿಲ್ಲ, ಕೆಲಸ ಇದೆ’ ಅನ್ನುತ್ತಾನೆ. ಆ ವಿಡಿಯೊ ನಾನು ಹಾಕಿದ್ದಲ್ಲ. ನಮ್ಮನ್ನು ಬೈಯುವವರು ಅವರಲ್ಲೂ ಇದ್ದಾರಲ್ಲ? ಆಫೀಸಿನಲ್ಲಿ ಒಂದು ಸರ್ವಧರ್ಮ ಸಭೆ ಮಾಡಿಸಿದರೆ ಎಲ್ಲ ಸರಿಹೋಗಬಹುದೇ?

– ಹೆಸರು, ಊರು ಬೇಡ

ಉತ್ತರ: ಪಕ್ಕದಲ್ಲಿ ಕೂರುವವನ ಜೊತೆ ಐದು ನಿಮಿಷ ಮಾತಾಡುವುದಕ್ಕಿಂತ ನೂರು ಜನರ ಸಭೆ ಮಾಡಿಸುವುದೇ ನಿಮಗೆ ಸುಲಭ ಅನ್ನಿಸಿದೆ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮಲ್ಲಿ ಬಹಳ ಜನ ಹೀಗೇ.

ವಿಡಿಯೊ ಹಾಕಿದವರ ಮೇಲೆ ಅವನಿಗೆ ದೊಡ್ಡ ನಿರೀಕ್ಷೆಯೇನೂ ಇದ್ದಿರಲಾರದು. ನಿಮ್ಮ ಮೇಲೆ ಇತ್ತು. ಆ ರಾತ್ರಿ ಎಷ್ಟು ಸಲ ಗ್ರೂಪ್ ತೆರೆದು ನೋಡಿದನೋ, ಯಾರಾದರೂ ಒಂದು ಮಾತು ಬರೆದಿದ್ದಾರಾ ಅಂತ. ನಕ್ಕವರ ಹೆಸರು ಕಂಡಿತು, ನಿಮ್ಮದು ಕಾಣಲಿಲ್ಲ.

ಇನ್ನು ‘ಅದು ಒಂದು ವಿಷಯವೇ ಆಗಿರಲಿಲ್ಲ’ ಅಂದಿರಿ. ನಿಮಗೆ ಆಗಿರಲಿಲ್ಲ, ಸರಿ. ಅದು ವಿಷಯ ಆಗದ ಹಾಗೆ ಅವನೇ 11 ವರ್ಷ ನೋಡಿಕೊಂಡಿರಬಹುದು ಅಲ್ವಾ? ಯಾವ ಜೋಕಿಗೆ ನಗಬೇಕು, ಯಾವ ಸುದ್ದಿ ಬಂದಾಗ ಎದ್ದು ಹೋಗಬೇಕು ಅಂತ. ಅವನ ನಂಬಿಕೆಯ ಬಗ್ಗೆ ಇಷ್ಟು ವರ್ಷದಲ್ಲಿ ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದೀರಾ, ನೆನಪು ಮಾಡಿಕೊಳ್ಳಿ.

‘ಅವರಲ್ಲೂ ಇದ್ದಾರಲ್ಲ’ ಎಂಬ ಮಾತಿಗೆ ಒಂದು ಹಳೇ ಉತ್ತರವಿದೆ. 1985ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ದೇವಾಲಯ ಕಟ್ಟುವುದಕ್ಕೆ ವಿರೋಧ ಎದ್ದಿತ್ತು. ಆಗ ಬೇರೆ ಪಂಥದವರಾದ ಅಲ್ಲಿನ ಲೂಥರನ್ ಚರ್ಚಿನ ಬಿಷಪ್ ಕ್ರಿಸ್ಟರ್ ಸ್ಟೆಂಡಾಲ್ ಮೂರು ಮಾತು ಹೇಳಿದರು. ಇನ್ನೊಂದು ಧರ್ಮದ ಬಗ್ಗೆ ತಿಳಿಯಬೇಕಾದರೆ ಆ ಧರ್ಮದವರನ್ನೇ ಕೇಳಿ, ಅವರಿಗೆ ಆಗದವರನ್ನು ಕೇಳಬೇಡಿ. ನಿಮ್ಮಲ್ಲಿನ ಒಳ್ಳೆಯದನ್ನು ಅವರಲ್ಲಿನ ಕೆಟ್ಟದ್ದರ ಜೊತೆ ಇಟ್ಟು ತೂಗಬೇಡಿ. ಅವರಲ್ಲಿ ಏನಾದರೂ ಒಂದನ್ನು ಕಂಡು ‘ಇದು ನಮ್ಮಲ್ಲೂ ಇದ್ದಿದ್ದರೆ’ ಅನ್ನಿಸುವಷ್ಟು ಜಾಗ ಮನಸ್ಸಿನಲ್ಲಿರಲಿ. ಎರಡನೆಯ ಮಾತಿನಲ್ಲೇ ನೀವು ಎಡವಿದ್ದೀರಿ. ಎಲ್ಲಿಯೋ ಯಾರೋ ಬೈದದ್ದಕ್ಕೆ ಲೆಕ್ಕ ಒಪ್ಪಿಸಬೇಕಾದವನು ಅವನಲ್ಲ.

ಹಾಗಾಗಿ ಇಬ್ಬರೇ ಇರುವಾಗ ಹೇಳಿ: ‘ಆ ವಿಡಿಯೊ ನೋಡಿದೆ. ಸುಮ್ನೆ ಇದ್ದುಬಿಟ್ಟೆ. ತಪ್ಪಾಯ್ತು ಕಣೋ.’ ಅಷ್ಟೇ. ‘ಆದರೆ’ ಅಂತ ಬಾಯಿ ತೆರೆದರೆ ಕ್ಷಮೆ ಕೇಳಿದ್ದೂ ದಂಡ.

ಅವನು ತಕ್ಷಣ ಕರಗದಿರಬಹುದು. ನೈಜೀರಿಯಾದ ಕಡೂನಾದ ಇಮಾಮ್ ಮುಹಮ್ಮದ್ ಅಶಾಫಾ ಮತ್ತು ಪಾಸ್ಟರ್ ಜೇಮ್ಸ್ ವುಯೆ 1992ರ ಗಲಭೆಯಲ್ಲಿ ಎದುರುಬದುರು ಪಡೆಗಳಲ್ಲಿದ್ದವರು. ವುಯೆ ಬಲಗೈ ಕಳೆದುಕೊಂಡರು. ಅಶಾಫಾ ತಮ್ಮ ಗುರುವನ್ನೂ ಇಬ್ಬರು ಸಂಬಂಧಿಕರನ್ನೂ ಕಳೆದುಕೊಂಡರು. 1995ರಲ್ಲಿ ಇದೇ ಇಬ್ಬರು ಸೇರಿ ಶಾಂತಿಗಾಗಿ ಸಂಸ್ಥೆ ಕಟ್ಟಿದರು. ಹಾಗಂತ ಸಿಟ್ಟು ಅಂದೇ ಇಳಿಯಲಿಲ್ಲ. ಒಂದೇ ಕೋಣೆಯಲ್ಲಿ ಮಲಗಿದ್ದಾಗ, ದಿಂಬು ಒತ್ತಿ ಇವರನ್ನು ಮುಗಿಸಿಬಿಡಲೇ ಅನ್ನಿಸಿತ್ತೆಂದು ವುಯೆ ಅವರೇ ಹೇಳಿಕೊಂಡಿದ್ದಾರೆ. ಆದರೂ ಜೊತೆ ಬಿಡಲಿಲ್ಲ. ನಿಮ್ಮ ಗೆಳೆಯ ಊಟಕ್ಕೆ ಬರುತ್ತಿಲ್ಲ, ಅಷ್ಟೇ. ಸ್ವಲ್ಪ ತಡೆದುಕೊಳ್ಳಿ.

ಗ್ರೂಪಿನ ಕೆಲಸವೂ ಬಾಕಿ ಇದೆ. ಮುಂದಿನ ಸಲ ಇಂಥದ್ದು ಬಂದಾಗ ‘ಇದು ಇಲ್ಲಿ ಬೇಡ’ ಅಂತ ಬರೆಯಿರಿ. ಅವನು ಬರೆದರೆ ಜಗಳ ಅನ್ನುತ್ತಾರೆ, ನೀವು ಬರೆದರೆ ಒಂದು ಕ್ಷಣವಾದರೂ ನಿಂತು ಯೋಚಿಸುತ್ತಾರೆ. ವಿಡಿಯೊ ಹಾಕಿದವರಿಗೆ ಬೇಕಿದ್ದರೆ ಬೇರೆಯಾಗಿ ಫೋನ್ ಮಾಡಿ. ಎಲ್ಲರ ಮುಂದೆ ಮುಖಭಂಗ ಆದವರು ಇನ್ನೂ ಜಾಸ್ತಿ ಹಟ ಹಿಡಿಯುತ್ತಾರೆ.

ಸಭೆಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಒಳ್ಳೆಯ ಮಾತು ಕೇಳಿ, ಚಪ್ಪಾಳೆ ತಟ್ಟಿ, ಅದೇ ಗ್ರೂಪಿಗೆ ಫೋಟೊ ಹಾಕುತ್ತಾರೆ. ಜೊತೆಗೆ ಮಾಡುವ ಕೆಲಸ ಇದಕ್ಕಿಂತ ಮೇಲು. ಇರಾಕಿನಲ್ಲಿ ಐಸಿಸ್ ಹಾವಳಿಗೆ ಮನೆ ಬಿಟ್ಟು ಬಂದ ಕ್ರೈಸ್ತರ ಕೆಲವು ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ಸಲ್ಮಾ ಮೂಸಾ ಎಂಬ ಸಂಶೋಧಕಿ ಏನಾಗುತ್ತದೆಂದು ನೋಡಿದರು. ಅದು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆರು ತಿಂಗಳಾದ ಮೇಲೂ ಬೆರಕೆ ತಂಡದವರು ಮುಸ್ಲಿಮರ ಜೊತೆ ಅಭ್ಯಾಸ ಮಾಡುವುದು ಹೆಚ್ಚು ಕಂಡಿತು. ಆದರೆ ಮೈದಾನದಾಚೆ, ಗುರುತು ಪರಿಚಯ ಇಲ್ಲದವರ ವಿಷಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಒಂದು ಇಡೀ ಸೀಸನ್ ಜೊತೆಗೆ ಆಡಿದವರ ಕಥೆಯೇ ಇಷ್ಟಾದರೆ, ಎರಡು ಗಂಟೆಯ ಭಾಷಣದಿಂದ ಏನಾದೀತು?

ಸಭೆ ಮಾಡಲೇಬೇಕಿದ್ದರೆ ಮಾಡಿ, ಅವನನ್ನು ಕೇಳಿ ಮಾಡಿ. ಅವನಿಗೇ ತಿಳಿಸದೆ ‘ಅವರ ಕಡೆಯಿಂದ ಒಬ್ಬರು’ ಅಂತ ವೇದಿಕೆಗೆ ಕರೆದುಬಿಟ್ಟೀರಿ, ಜೋಕೆ.

ನಾಳೆ ಊಟದ ಹೊತ್ತಿಗೆ ಅವನು ಮತ್ತೆ ‘ಕೆಲಸ ಇದೆ’ ಅಂದರೆ ನೀವೂ ಹೋಗಬೇಡಿ. ಕುರ್ಚಿ ಅವನ ಕಡೆ ಎಳೆದುಕೊಂಡು, ‘ಮುಗಿಸು, ಕಾಯ್ತೀನಿ’ ಅನ್ನಿ.