ಸೆಪರೇಟರ್ ಇದ್ದರೂ ಲೈನಿನಲ್ಲಿ ನೀರು ಏಕೆ?

ಪ್ರಶ್ನೆ: ಸ್ಪ್ರೇ ಪೇಂಟಿಂಗ್ ಶುರು ಮಾಡಿದಾಗ ಎಲ್ಲ ಸರಿ ಇರುತ್ತದೆ. ಸ್ವಲ್ಪ ಹೊತ್ತಿಗೆ ಗನ್‌ನಿಂದ ನೀರಿನ ಹನಿ ಸಿಡಿದು ಪೇಂಟ್ ಹಾಳಾಗುತ್ತದೆ. ಕಂಪ್ರೆಸರ್ ಟ್ಯಾಂಕಿನ ಬಾಯಿಗೇ ವಾಟರ್ ಸೆಪರೇಟರ್ ಹಾಕಿದ್ದೇನೆ. ಇನ್ನೂ ದೊಡ್ಡದು ಹಾಕಬೇಕಾ?

ಉತ್ತರ: ಬೇಡ. ಸೆಪರೇಟರ್ ಇರುವ ಜಾಗವೇ ತಪ್ಪು. ಅದು ಹನಿಯಾದ ನೀರನ್ನು ಮಾತ್ರ ಹಿಡಿಯುತ್ತದೆ, ಆವಿಯನ್ನಲ್ಲ. ಟ್ಯಾಂಕಿನಿಂದ ಬಿಸಿಯಾಗಿ ಬರುವ ಗಾಳಿಯಲ್ಲಿ ನೀರು ಇನ್ನೂ ಆವಿಯಾಗಿಯೇ ಇರುತ್ತದೆ. ಸೆಪರೇಟರ್ ದಾಟಿ ಹೋಸ್‌ನಲ್ಲಿ ತಣ್ಣಗಾದ ಮೇಲೆ ಹನಿಗಟ್ಟುತ್ತದೆ. ಶುರುವಿನಲ್ಲಿ ಕಂಪ್ರೆಸರ್ ತಣ್ಣಗಿರುವುದರಿಂದ ತೊಂದರೆ ಕಾಣುವುದಿಲ್ಲ, ಅಷ್ಟೇ.

ನೀರು ಎಷ್ಟಿರುತ್ತದೆ ಅಂತ ನೋಡಿ. 25 ಡಿಗ್ರಿ ಸೆಲ್ಸಿಯಸ್, ಶೇ 60 ತೇವಾಂಶ ಇರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 14 ಗ್ರಾಂ ನೀರಿನ ಆವಿ ಇರುತ್ತದೆ. ಗೇಜ್ ತೋರಿಸುವ 7 ಬಾರ್ ಒತ್ತಡಕ್ಕೆ ಅಂಥ 8 ಘನ ಮೀಟರ್ ಗಾಳಿ ಒಂದೇ ಘನ ಮೀಟರಿಗೆ ಕುಗ್ಗುತ್ತದೆ. ಅಂದರೆ ಸುಮಾರು 110 ಗ್ರಾಂ ನೀರು ಒಂದೇ ಕಡೆ ಸೇರುತ್ತದೆ. ಮತ್ತೆ 25 ಡಿಗ್ರಿಗೆ ತಣಿದಾಗ ಆ ಗಾಳಿ ಹಿಡಿದುಕೊಳ್ಳುವುದು 23 ಗ್ರಾಂ ಮಾತ್ರ. ಉಳಿದದ್ದೆಲ್ಲ ನೀರಾಗಿ ಇಳಿಯಲೇಬೇಕು, ಅಲ್ವಾ?

ಅದು ಗನ್‌ನಲ್ಲಿ ಇಳಿಯದೆ ನಿಮಗೆ ಬೇಕಾದ ಜಾಗದಲ್ಲಿ ಇಳಿಯಬೇಕು. ಹಾಗಾಗಿ ಮೊದಲು ಗಾಳಿ ತಣಿಸಿ, ಆಮೇಲೆ ನೀರು ಹಿಡಿಯಿರಿ. ಟ್ಯಾಂಕಿನಿಂದ 8-10 ಮೀಟರ್ ತಾಮ್ರದ ಅಥವಾ ಅಲ್ಯೂಮಿನಿಯಂ ಪೈಪ್ ಎಳೆಯಿರಿ. ಜಾಗ ಕಡಿಮೆ ಇದ್ದರೆ ಗೋಡೆ ಮೇಲೆ ಹಾವಿನ ಹಾಗೆ ಮೇಲೆ ಕೆಳಗೆ ಓಡಿಸಿ, ಪ್ರತಿ ತಳದ ತಿರುವಿಗೂ ಡ್ರೈನ್ ವಾಲ್ವ್ ಕೊಡಿ. ಸೆಪರೇಟರ್ ಬರಬೇಕಾದದ್ದು ಈ ಪೈಪಿನ ಕೊನೆಗೆ. ಅಡ್ಡ ಪೈಪ್ ಮೀಟರಿಗೆ 1-2 ಸೆಂಟಿಮೀಟರ್ ಇಳಿಜಾರಾಗಿರಲಿ. ಹೋಸ್‌ಗೆ ಕವಲು ತೆಗೆಯುವಾಗ ಪೈಪಿನ ಮೇಲ್ಭಾಗದಿಂದ ತೆಗೆದು ಬಗ್ಗಿಸಿ ಕೆಳಗಿಳಿಸಿ. ಎಷ್ಟೋ ಜನ ಸುಮ್ನೆ ಅಡಿಯಿಂದಲೇ ತೆಗೆಯುತ್ತಾರೆ. ಆಗ ಪೈಪಿನ ತಳದಲ್ಲಿ ಹರಿಯುವ ನೀರೆಲ್ಲ ನೇರ ಗನ್‌ಗೆ ಹೋಗುತ್ತದೆ.

ಖರ್ಚು ಉಳಿಯುತ್ತದೆ ಅಂತ ಪಿವಿಸಿ ಪೈಪ್ ಮಾತ್ರ ದಯವಿಟ್ಟು ಹಾಕಬೇಡಿ. ಗಾಳಿಯ ಒತ್ತಡದಲ್ಲಿ ಅದು ಒಡೆದರೆ ಚೂರುಗಳು ಗುಂಡಿನ ಹಾಗೆ ಸಿಡಿಯುತ್ತವೆ.

ಇಷ್ಟಾದರೂ ಗಾಳಿಯಲ್ಲಿ ಸ್ವಲ್ಪ ಆವಿ ಉಳಿದೇ ಇರುತ್ತದೆ. ಪೇಂಟ್‌ಗೆ ಅದೂ ಬೇಡ ಅನ್ನಿಸಿದರೆ ಸೆಪರೇಟರ್ ಆದ ಮೇಲೆ ಸಿಲಿಕಾ ಜೆಲ್ ಡ್ರೈಯರ್ (ತೇವ ಹೀರುವ ಮಣಿಗಳಿರುವ ಡಬ್ಬಿ) ಹಾಕಿ. ಮೊದಲೇ ಹಾಕಿದರೆ ಮಣಿಗಳು ಬೇಗ ಬಣ್ಣ ಬದಲಾಯಿಸಿ ಕೆಲಸಕ್ಕೆ ಬಾರದಂತಾಗುತ್ತವೆ. ದಿನವಿಡೀ ಪೇಂಟಿಂಗ್ ಇದ್ದರೆ ಗಾಳಿಯನ್ನು ಫ್ರಿಜ್‌ನಂತೆ ತಣಿಸಿ ನೀರು ತೆಗೆಯುವ ರೆಫ್ರಿಜರೇಟೆಡ್ ಡ್ರೈಯರ್ ಒಳ್ಳೆಯದು.

ಟ್ಯಾಂಕಿನ ತಳದ ಡ್ರೈನ್ ದಿನಾ ಕೆಲಸ ಮುಗಿದ ಮೇಲೆ ತೆರೆಯಿರಿ. ಬರುವ ನೀರು ಕಂದು ಬಣ್ಣ ಇದ್ದರೆ ಒಳಗೆ ತುಕ್ಕು ಹಿಡಿಯುತ್ತಿದೆ ಎಂದರ್ಥ. ಹಾಲಿನಂತೆ ಬೆಳ್ಳಗಿದ್ದರೆ ಆಯಿಲ್ ಬೆರೆತಿದೆ. ಆಗ ಪೇಂಟ್ ಮಾಡುವ ಮೊದಲು ಕಂಪ್ರೆಸರಿನ ಪಿಸ್ಟನ್ ರಿಂಗ್ ಮೆಕ್ಯಾನಿಕ್‌ಗೆ ತೋರಿಸಿ.