ಖಾಸಗಿ ಪತ್ರ ಅಂದ ಮಾತ್ರಕ್ಕೆ ನಿಜ ಹೇಳುತ್ತಾ?

ಪ್ರಶ್ನೆ: ಸ್ವಾತಂತ್ರ್ಯಕ್ಕೆ ಮುಂಚಿನ ಪ್ರಾಂತೀಯ ಕಾಂಗ್ರೆಸ್ ನಾಯಕರ ಖಾಸಗಿ ಪತ್ರಗಳನ್ನು ಓದುತ್ತಿದ್ದೇನೆ. ಭಾಷಣದಲ್ಲಿ ಒಗ್ಗಟ್ಟಿನ ಮಾತು, ಪತ್ರದಲ್ಲಿ ಬರೀ ಗುಂಪುಗಾರಿಕೆ. ಯಾವುದನ್ನು ನಂಬಲಿ?
– ಇತಿಹಾಸದ ಒಬ್ಬ ವಿದ್ಯಾರ್ಥಿ

ಉತ್ತರ: ಎರಡನ್ನೂ ಪೂರ್ತಿ ನಂಬಬೇಡಿ. ಭಾಷಣ ಜನರಿಗೆ, ಪತ್ರ ಹೈಕಮಾಂಡಿಗೆ. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದಾಗ ಅವುಗಳ ಮೇಲೆ ಕಣ್ಣಿಡಲು ಪಟೇಲ್, ಆಜಾದ್, ರಾಜೇಂದ್ರ ಪ್ರಸಾದ್ ಅವರ ಉಪಸಮಿತಿ ಇತ್ತು. ಜಗಳ ಕೊನೆಗೆ ಅಲ್ಲಿಗೇ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಮೇಲೆ ‘ಖಾಸಗಿ’ ಅಂತ ಬರೆದಿದ್ದರೂ ಒಳಗಿರುವುದು ಎಷ್ಟೋ ಸಲ ದೂರು ಅರ್ಜಿಯೇ. ತಮಾಷೆ ಏನೆಂದರೆ, ತನ್ನ ಕಡೆಯವರನ್ನು ಯಾರೂ ಗುಂಪು ಅನ್ನುವುದಿಲ್ಲ. ಗುಂಪು ಕಟ್ಟುವವರು ಯಾವಾಗಲೂ ಎದುರಿನವರೇ!

ಬೈಗುಳ ಬಿಡಿ, ಸದಸ್ಯತ್ವದ ಪುಸ್ತಕದ ಮಾತು ಎಲ್ಲಿ ಬರುತ್ತದೆ ನೋಡಿ. ಆಗ ವರ್ಷಕ್ಕೆ 4 ಆಣೆ ಕೊಟ್ಟರೆ ಸದಸ್ಯ. ಸದಸ್ಯರು ಜಾಸ್ತಿ ಇದ್ದವರ ಕಡೆಗೆ ಪ್ರತಿನಿಧಿಗಳು, ಅವರಿಂದ ಪ್ರಾಂತ ಸಮಿತಿ, ಸಮಿತಿ ಕೈಯಲ್ಲಿದ್ದರೆ ಟಿಕೆಟ್‌ನಲ್ಲೂ ಮಾತು ನಡೆಯುತ್ತದೆ. 1936ರಲ್ಲಿ ಸುಮಾರು 5 ಲಕ್ಷವಿದ್ದ ಸದಸ್ಯರು ಎರಡು-ಮೂರು ವರ್ಷದಲ್ಲಿ 45 ಲಕ್ಷದ ಹತ್ತಿರ ಬಂದರು. ಇಷ್ಟು ಜನ ಸುಮ್ನೆ ಬರಲಿಲ್ಲ. ಅಧಿಕಾರ ಬಂದಿತ್ತು, ಅಲ್ವಾ? ಬೋಗಸ್ ಸದಸ್ಯರ ಬಗ್ಗೆ ಗಾಂಧೀಜಿಯೇ ಬಹಿರಂಗವಾಗಿ ಬೇಸರಪಟ್ಟರು.

ಮಧ್ಯ ಪ್ರಾಂತದ (ಈಗಿನ ಮಧ್ಯಪ್ರದೇಶ, ಛತ್ತೀಸಗಢ, ವಿದರ್ಭದ ಭಾಗಗಳು) 1938ರ ಜಗಳ ಇಂಥ ಗುಂಪುಗಾರಿಕೆಗೆ ಒಳ್ಳೆಯ ಉದಾಹರಣೆ. ಪ್ರಾಂತ ಒಂದೇ, ಆದರೆ ಅಲ್ಲಿ ಕಾಂಗ್ರೆಸ್ ಸಮಿತಿ ಮೂರು: ನಾಗಪುರ, ವಿದರ್ಭ, ಹಿಂದಿ ಮಾತಾಡುವ ಮಹಾಕೋಶಲ. ಪ್ರೀಮಿಯರ್, ಅಂದರೆ ಈಗಿನ ಮುಖ್ಯಮಂತ್ರಿ, ನಾಗಪುರದ ಡಾ. ಎನ್.ಬಿ. ಖರೆ. ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟು ಉಳಿದ ಸಚಿವರಿಂದಲೂ ಕೇಳಿದರು. ರವಿಶಂಕರ ಶುಕ್ಲ ಸೇರಿ ಮಹಾಕೋಶಲದ ಮೂವರು ಕೊಡಲಿಲ್ಲ. ಗವರ್ನರ್ ರಾತ್ರಿ ಕಳೆಯುವುದರೊಳಗೆ ಅವರನ್ನು ವಜಾ ಮಾಡಿದರು. ಖರೆ ಹೊಸ ಸಂಪುಟ ಕಟ್ಟಿದರು. ಹೈಕಮಾಂಡ್ ಸಿಟ್ಟಾಯಿತು. ಕೆಲವೇ ದಿನಗಳಲ್ಲಿ ಖರೆ ಕೆಳಗಿಳಿದು ಶುಕ್ಲ ಪ್ರೀಮಿಯರ್ ಆದರು.

ಖರೆ ಕಡೆಯವರಿಗೆ ಇದು ಹೈಕಮಾಂಡಿನ ದಬ್ಬಾಳಿಕೆ. ಶುಕ್ಲ ಕಡೆಯವರಿಗೆ ಶಿಸ್ತಿನ ಪ್ರಶ್ನೆ. ನನಗಂತೂ ಖಾತೆ ಮತ್ತು ಪ್ರದೇಶದ ಲೆಕ್ಕಾಚಾರವೇ ಜಾಸ್ತಿ ಕಾಣುತ್ತದೆ. ಒಂದೇ ಕಡೆಯ ಕಡತ ಓದಿದರೆ ಅದು ಕಾಣುವುದಿಲ್ಲ.

ನಿಮ್ಮ ಕೈಯಲ್ಲಿರುವ ಪತ್ರಗಳ ತಾರೀಖು ಮೊದಲು ನೋಡಿ. ಸಂಪುಟ ಬೀಳುವ ಮುಂಚೆ ಬರೆದದ್ದಕ್ಕೂ ಬಿದ್ದ ಮೇಲೆ ಬರೆದದ್ದಕ್ಕೂ ಬಹಳ ಅಂತರ. ಎರಡನೆಯದರಲ್ಲಿ ಎಲ್ಲರೂ ‘ನಾನು ಆಗಲೇ ಹೇಳಿದ್ದೆ’ ಅನ್ನುವವರೇ. ಉತ್ತರ ಪತ್ರ ಸಿಗುತ್ತದಾ ಹುಡುಕಿ. ಬರೆದವರ ಕಡತದಲ್ಲೇ ಕಾರ್ಬನ್ ಪ್ರತಿ ಇದ್ದರೆ ಇನ್ನೂ ಹುಷಾರಾಗಿ ಓದಿ. ಮುಂದೆ ಸಾಕ್ಷಿಗೆ ಬೇಕಾದೀತು ಅಂತಲೇ ಇಟ್ಟುಕೊಂಡಿರಬಹುದು.