ಮುಷ್ಟಿಯಷ್ಟು ಪ್ರಾಣಿಗೆ ಮೇಜಿನಷ್ಟು ಮನೆ

ಹೋದ ಸಂಚಿಕೆಯಲ್ಲಿ, ಇಲಿಯನ್ನು ಹೋಲುವ ಪುಟ್ಟ ಸಾಕುಪ್ರಾಣಿ ಹ್ಯಾಮ್‌ಸ್ಟರ್‌ನ ಪಂಜರದ ಅಳತೆಯ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ನಾಯಿ ಕಚ್ಚುವುದರ ಬಗ್ಗೆ ಇಡೀ ಪುಟ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಈ ಪುಟಾಣಿಗಳಿಗೆ.

ಪ್ರಶ್ನೆ: ಡಾಕ್ಟರಮ್ಮ, ಮಗಳ ಒಂಬತ್ತನೇ ಹುಟ್ಟುಹಬ್ಬಕ್ಕೆ ಸಿರಿಯನ್ ಹ್ಯಾಮ್‌ಸ್ಟರ್ ತಂದೆವು. ಪಂಜರ ಅದರ ಜೊತೆಗೇ ಬಂತು. ಎರಡು ಅಂತಸ್ತು, ಕೆಂಪು ಏಣಿ, ಹಳದಿ ಕೊಳವೆ, ನೋಡಲು ಚೆಂದ. ಕೆಳಗಿನ ತಟ್ಟೆ 38 ಸೆಂಟಿಮೀಟರ್ ಉದ್ದ, 26 ಅಗಲ. ಆದರೆ ರಾತ್ರಿ ಹನ್ನೊಂದಾದರೆ ಸಾಕು, ಕಂಬಿ ಕಚ್ಚಲು ಶುರು. ಕಟಕಟ ಕಟಕಟ, ಬೆಳಗಿನ ಜಾವದವರೆಗೂ. ಹಲ್ಲು ಬೆಳೆದಿರಬೇಕು, ಕಡಿಯಲು ಮರದ ತುಂಡು ಹಾಕಿ ಎಂದರು ಅಂಗಡಿಯವರು. ಹಾಕಿದೆವು. ಮೂಸಿ ನೋಡಿ ಮತ್ತೆ ಕಂಬಿಗೇ ಹೋಗುತ್ತದೆ. ಏನು ಮಾಡಲಿ?

ಉತ್ತರ: ಹಲ್ಲಿನ ಮಾತು ಅರ್ಧ ನಿಜ. ಹ್ಯಾಮ್‌ಸ್ಟರ್‌ನ ಮುಂದಿನ ಹಲ್ಲುಗಳು ಬದುಕಿರುವಷ್ಟು ದಿನವೂ ಬೆಳೆಯುತ್ತವೆ. ಸವೆಸಲು ಏನಾದರೂ ಕಡಿಯಲೇಬೇಕು. ಆದರೆ ಹಲ್ಲು ಸವೆಸುವ ಪ್ರಾಣಿ ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಕಡಿದು ಮುಂದಿನ ಕೆಲಸಕ್ಕೆ ಹೋಗುತ್ತದೆ. ಒಂದೇ ಮೂಲೆಯ ಒಂದೇ ಕಂಬಿಯನ್ನು ರಾತ್ರಿಯಿಡೀ ಜಗಿಯುತ್ತಾ ಕೂರುವುದಿಲ್ಲ. ನಿಮ್ಮದು ಹೊರಗೆ ಹೋಗಲು ದಾರಿ ಹುಡುಕುತ್ತಿದೆ.

ನೀವು ಅಳತೆ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಹೆಚ್ಚಿನವರು "ಸಾಕಷ್ಟು ದೊಡ್ಡದಿದೆ" ಎಂದು ಬರೆದು ಸುಮ್ಮನಾಗುತ್ತಾರೆ. 38ನ್ನು 26ರಿಂದ ಗುಣಿಸಿ. 988 ಚದರ ಸೆಂಟಿಮೀಟರ್ ಆಯಿತು. ಈಗ ಕೇಳಿ. ಸ್ವಿಟ್ಜರ್ಲೆಂಡಿನ ಸಂಶೋಧಕರು ಸಿರಿಯನ್ ಹ್ಯಾಮ್‌ಸ್ಟರ್‌ಗಳನ್ನು ನಾಲ್ಕು ಅಳತೆಯ ಪಂಜರಗಳಲ್ಲಿ ಇಟ್ಟು ನೋಡಿ, ಕಂಡದ್ದನ್ನು 2007ರಲ್ಲಿ ಪ್ರಕಟಿಸಿದರು. ತೀರಾ ಚಿಕ್ಕ ಪಂಜರದ ನೆಲ 1,800 ಚದರ ಸೆಂಟಿಮೀಟರ್. ಆಮೇಲೆ 2,500, 5,000, ಕೊನೆಗೆ 10,000. ಕಂಬಿ ಕಚ್ಚುವುದು ನಾಲ್ಕರಲ್ಲೂ ಕಂಡಿತು. ಆದರೆ ಚಿಕ್ಕ ಪಂಜರದಲ್ಲಿದ್ದವು ಜಾಸ್ತಿ ಸಲ, ಜಾಸ್ತಿ ಹೊತ್ತು ಕಚ್ಚಿದವು. ಇನ್ನೊಂದು ಸಣ್ಣ ವಿಷಯ ನನಗೆ ಇದಕ್ಕಿಂತ ಹೆಚ್ಚು ನಾಟಿತು. ಚಿಕ್ಕ ಪಂಜರದವು ಮಲಗುವ ಮರದ ಗೂಡಿನ ಚಾವಣಿಯ ಮೇಲೇ ಹೆಚ್ಚಾಗಿ ಕಾಣಿಸಿಕೊಂಡವು. ನೆಲ ಸಾಲದೆ ತಾರಸಿಗೆ ಹತ್ತಿದ ಹಾಗೆ.

ನಿಮ್ಮ ಪಂಜರ ಆ ಪ್ರಯೋಗದ ಅತಿ ಚಿಕ್ಕ ಪಂಜರದ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ಮೇಲಿನ ಅಂತಸ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದು ನೆಲದ ಪ್ರಾಣಿ. ಎತ್ತರದ ಅಂದಾಜು ಅದಕ್ಕೆ ಸರಿಯಾಗಿ ಸಿಗುವುದಿಲ್ಲ, ಏಣಿಯಿಂದ ಬಿದ್ದು ಕಾಲು ಮುರಿದುಕೊಂಡವನ್ನು ನೋಡಿದ್ದೇನೆ. ಅದಕ್ಕೆ ಬೇಕಾದದ್ದು ತಡೆಯಿಲ್ಲದ ಒಂದೇ ನೆಲ. ಜರ್ಮನಿಯಲ್ಲಿ ಪ್ರಾಣಿಗಳ ಹಿತಕ್ಕಾಗಿ ಪಶುವೈದ್ಯರೇ ಕಟ್ಟಿಕೊಂಡ ಸಂಘವೊಂದಿದೆ. ಅದು ಹೇಳುವ ಕನಿಷ್ಠ ಅಳತೆ 100 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರ. ನಾನೂ ಅದನ್ನೇ ಹೇಳುತ್ತೇನೆ. ಕನಿಷ್ಠ ಎಂಬ ಮಾತನ್ನು ಮಾತ್ರ ಮರೆಯಬೇಡಿ.

ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಪಶುವೈದ್ಯ ಓದುವಾಗ, ಎರಡನೇ ವರ್ಷದಲ್ಲಿ, ನಾನೂ ಒಂದನ್ನು ಇಂಥದೇ ಪಂಜರದಲ್ಲಿ ಇಟ್ಟುಕೊಂಡಿದ್ದೆ. ಗುಂಡ ಅಂತ ಹೆಸರು. ಕಂಬಿ ಕಚ್ಚಿ ಕಚ್ಚಿ ಅದರ ಮೂಗಿನ ಮೇಲಿನ ಕೂದಲು ಹೋಗಿತ್ತು. ನಾನು ನೋಟ್‌ಬುಕ್ಕಿನಲ್ಲಿ "ಹಲ್ಲು ಮಸೆಯುತ್ತಿದೆ, ಆರೋಗ್ಯವಾಗಿದೆ" ಎಂದು ಬರೆದಿದ್ದೆ! ಆ ನೋಟ್‌ಬುಕ್ ಈಗಲೂ ಇದೆ. ಕೊನೆಗೆ ಗೆಳತಿಯೊಬ್ಬಳು ನಿದ್ದೆ ಕೆಟ್ಟ ಸಿಟ್ಟಿನಲ್ಲಿ, ಹಳೆಯ ಪುಸ್ತಕದ ಬೀರುವೊಂದನ್ನು ಅಂಗಾತ ಮಲಗಿಸಿ, ಬಾಗಿಲಿದ್ದ ಕಡೆ ಜಾಲರಿ ಹೊಡೆದು, ಒಳಗೆ ಹಾಸು ತುಂಬಿಸಿಕೊಟ್ಟಳು. ನಾಲ್ಕನೇ ರಾತ್ರಿ ನನಗೆ ಸದ್ದಿಲ್ಲದ್ದಕ್ಕೇ ಎಚ್ಚರವಾಯಿತು. ಗುಂಡ ಸತ್ತೇ ಹೋಯಿತು ಎಂದುಕೊಂಡು ಟಾರ್ಚ್ ಹಿಡಿದು ಓಡಿದೆ. ಹಾಸಿನೊಳಗಿಂದ ಒಂದು ಮುಖ ಹೊರಬಂತು, ಕೆನ್ನೆ ತುಂಬಾ ಕಾಳು. ನನ್ನನ್ನು ನೋಡಿ ಮತ್ತೆ ಒಳಗೆ ಹೋಯಿತು. ಅದಕ್ಕೆ ಕೆಲಸವಿತ್ತು.

ಆ ಕೆಲಸ ತೋಡುವುದು. ನೆಲದ ಅಳತೆಯಷ್ಟೇ ಮುಖ್ಯ ಹಾಸಿನ ಆಳ. ಅದೇ ಸ್ವಿಸ್ ತಂಡದವರು ಇದನ್ನೂ ನೋಡಿದ್ದರು, 2006ರಲ್ಲಿ. ಹಾಸು 10 ಸೆಂಟಿಮೀಟರ್, 40, 80. ಹತ್ತರಲ್ಲಿದ್ದವು ಉಳಿದವುಗಳಿಗಿಂತ ಜಾಸ್ತಿ ಕಂಬಿ ಕಚ್ಚಿದವು, ಓಡಲೆಂದು ಪಂಜರದಲ್ಲಿಟ್ಟ ಚಕ್ರದಲ್ಲೂ ಜಾಸ್ತಿ ಓಡಿದವು. ಅಂದರೆ ಚಕ್ರದಲ್ಲಿ ಒಂದೇ ಸಮ ಓಡುತ್ತಿದೆ, ಖುಷಿಯಾಗಿದೆ ಎಂದು ನಾವು ಅಂದುಕೊಳ್ಳುವುದು ಎಲ್ಲ ಸಲವೂ ನಿಜವಲ್ಲ.

ಇಡೀ ಪೆಟ್ಟಿಗೆಗೆ 40 ಸೆಂಟಿಮೀಟರ್ ತುಂಬಲು ನಿಮಗೆ ಆಗದಿರಬಹುದು. ಒಂದು ಅರ್ಧಕ್ಕೆ ಕನಿಷ್ಠ 25–30 ತುಂಬಿ, ಇನ್ನೊಂದು ಅರ್ಧ ತಗ್ಗಿರಲಿ. ಕಾಗದದ ಹಾಸಿನ ಜೊತೆ ಒಣಹುಲ್ಲನ್ನು ಪದರ ಪದರವಾಗಿ ಸೇರಿಸಿ, ಕೈಯಿಂದ ಒತ್ತಿ. ಒತ್ತದಿದ್ದರೆ ಸುರಂಗ ನಿಲ್ಲುವುದಿಲ್ಲ. ದೇವದಾರಿನಂಥ ಘಾಟು ವಾಸನೆಯ ಮರದ ಹೊಟ್ಟು ಬೇಡ, ಉಸಿರಾಟಕ್ಕೆ ತೊಂದರೆ. ಹತ್ತಿಯಂತೆ ಮೆತ್ತಗಿರುವ ನೂಲಿನ ಹಾಸೂ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ. ಚಕ್ರ, ಮರಳಿನ ತಟ್ಟೆ, ಭಾರದ ಗೂಡು ಇವನ್ನೆಲ್ಲ ತಗ್ಗಿನ ಕಡೆ ಇಡಿ, ಇಲ್ಲವೇ ನೆಲ ಮುಟ್ಟುವ ಕಾಲಿನ ಹಲಗೆಯ ಮೇಲಿಡಿ. ಹಾಸಿನ ಮೇಲೆ ಇಟ್ಟರೆ ಕೆಳಗಿನ ಸುರಂಗ ಕುಸಿದು ಪ್ರಾಣಿ ಸಿಕ್ಕಿಹಾಕಿಕೊಳ್ಳಬಹುದು. ಸಿರಿಯನ್‌ಗೆ ಚಕ್ರ 28–30 ಸೆಂಟಿಮೀಟರ್ ಅಡ್ಡಗಲ ಇರಲಿ, ಮೆಟ್ಟುವ ಜಾಗ ಕಂಬಿಯದಲ್ಲ, ಗಟ್ಟಿ ಹಲಗೆಯದು. ಓಡುವಾಗ ಪಕ್ಕದಿಂದ ನೋಡಿ. ಬೆನ್ನು ಬಿಲ್ಲಿನಂತೆ ಬಾಗಿದರೆ ಚಕ್ರ ಚಿಕ್ಕದು ಅಂತಲೇ ಅರ್ಥ.

ಹೊಸ ಮನೆಗೆ ಸಾಗಿಸುವಾಗ ಹಳೆಯ ಹಾಸನ್ನು ಎರಡು ಹಿಡಿ ಜೊತೆಗೆ ಹಾಕಿ, ತನ್ನ ವಾಸನೆ ಇದ್ದರೆ ಅದಕ್ಕೆ ಧೈರ್ಯ. ಆಮೇಲೂ ವಾರಕ್ಕೊಮ್ಮೆ ಪೂರ್ತಿ ಬದಲಿಸಬೇಡಿ. ಒದ್ದೆಯಾದ ಮೂಲೆಯನ್ನಷ್ಟೇ ತೆಗೆಯಿರಿ. ಕಚ್ಚುವ ಚಟ ಒಂದೇ ದಿನಕ್ಕೆ ಹೋಗದಿದ್ದರೆ ಗಾಬರಿ ಬೇಡ.

ಆ ಎರಡಂತಸ್ತಿನ ಪಂಜರವನ್ನು ಎಸೆಯಬೇಡಿ. ನನ್ನಲ್ಲಿಗೆ ತೋರಿಸಲು ತರುವಾಗ ಬೇಕಾಗುತ್ತದೆ. ಅದರ ಸರಿಯಾದ ಉಪಯೋಗ ಅಷ್ಟೇ.

ಪ್ರಶ್ನೆ: ಮೊಮ್ಮಗ ತನ್ನ ಹ್ಯಾಮ್‌ಸ್ಟರ್‌ಗೆ ಒಂದು ಮೀಟರ್ ಉದ್ದದ ಪೆಟ್ಟಿಗೆ ಮಾಡಿಸಿ, ಅದನ್ನಿಡಲು ನನ್ನ ಓದುವ ಮೇಜನ್ನೇ ಕಸಿದುಕೊಂಡಿದ್ದಾನೆ. ನಿಮ್ಮ ಅಂಕಣ ಓದಿಯೇ ಹೀಗೆ ಮಾಡಿದ್ದಂತೆ. ಕಾಡಿನಲ್ಲಿ ಬಿಲದೊಳಗೇ ಇರುವ ಪ್ರಾಣಿ, ಮುಷ್ಟಿಯಷ್ಟೂ ಇಲ್ಲ. ಇದು ಅತಿ ಅನ್ನಿಸುವುದಿಲ್ಲವೇ?

ಉತ್ತರ: ಹಿರಿಯರೇ, ಮೇಜಿನ ವಿಷಯದಲ್ಲಿ ಮೊದಲು ಕ್ಷಮೆ ಕೇಳುತ್ತೇನೆ. ಪೆಟ್ಟಿಗೆಯ ವಿಷಯದಲ್ಲಿ ನಾನು ಮೊಮ್ಮಗನ ಕಡೆ.

ದೇಹ ನೋಡಿ ಜಾಗ ಅಳೆಯುವುದಾದರೆ ಜೇನುನೊಣಕ್ಕೆ ಬೆಂಕಿಪೊಟ್ಟಣ ಸಾಕು. ಪ್ರಾಣಿ ಎಷ್ಟು ದೊಡ್ಡದು ಎಂದು ಕೇಳಬೇಡಿ, ಎಚ್ಚರವಿರುವಾಗ ಏನು ಮಾಡುತ್ತದೆ ಎಂದು ಕೇಳಿ. ಹ್ಯಾಮ್‌ಸ್ಟರ್ ರಾತ್ರಿ ಓಡಾಡಿ ಕಾಳು ಹುಡುಕುತ್ತದೆ, ಕೆನ್ನೆಯ ಚೀಲಕ್ಕೆ ತುಂಬುತ್ತದೆ, ಮನೆಗೆ ತಂದು ಸುರಿಯುತ್ತದೆ, ಮತ್ತೆ ಹೊರಡುತ್ತದೆ. ಅದರ ಹೆಸರೂ ಜರ್ಮನ್ ಭಾಷೆಯಿಂದ ಬಂದದ್ದು. ಆ ಭಾಷೆಯಲ್ಲಿ ಇದೇ ಹೆಸರಿನಿಂದ ಹುಟ್ಟಿದ ಕ್ರಿಯಾಪದಕ್ಕೆ ಕೂಡಿಡು ಎಂದು ಅರ್ಥ. ಚಕ್ರ ಕೊಟ್ಟರೆ ಒಂದೇ ರಾತ್ರಿಯಲ್ಲಿ ಹಲವು ಕಿಲೋಮೀಟರ್ ಓಡುತ್ತದೆ. ನಾನು ದಿನಕ್ಕೆ ಅಷ್ಟು ನಡೆಯುವುದಿಲ್ಲ.

ಬಿಲದ ಮಾತಿಗೆ ಬರೋಣ. ನಾವು ಸಾಕುವ ಸಿರಿಯನ್ ಹ್ಯಾಮ್‌ಸ್ಟರ್‌ಗಳ ಮೂಲ ಸಿರಿಯಾದ ಅಲೆಪ್ಪೊ ಸುತ್ತಲಿನ ಹೊಲಗಳು. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲ್ಲಿ ಒಂದು ಬಿಲ ಅಗೆಸಿ ತಾಯಿ-ಮರಿಗಳನ್ನು ಹಿಡಿಸಿದರು. ಇಂದು ಮನೆಮನೆಯಲ್ಲಿರುವವು ಬಹುತೇಕ ಆ ಮರಿಗಳಲ್ಲಿ ಬದುಕುಳಿದವುಗಳ ವಂಶ. ಅಂದರೆ ನಮ್ಮ ಜೊತೆ ಅವುಗಳ ನಂಟು ನೂರು ವರ್ಷವೂ ಆಗಿಲ್ಲ. ನಾಯಿಯ ಹಾಗೆ ಸಾವಿರಾರು ವರ್ಷದ್ದಲ್ಲ. ಹೊಲದ ಅಭ್ಯಾಸ ಅಷ್ಟು ಬೇಗ ಮರೆತು ಹೋಗುತ್ತದೆಯೇ?

ಆಮೇಲೆ ಅಲ್ಲಿನ ಬಿಲಗಳನ್ನು ಅಳೆದವರಿದ್ದಾರೆ. ಸರಾಸರಿ ಆಳ 65 ಸೆಂಟಿಮೀಟರ್, ಕೆಲವು ಒಂದು ಮೀಟರ್ ದಾಟಿದ್ದವು. ಕೆಳಗೆ ಇಳಿಯುವ ದಾರಿ ಬೇರೆ, ಮಲಗುವ ಕೋಣೆ ಬೇರೆ, ಕಾಳಿನ ಕಣಜ ಬೇರೆ. ನೀವು ಹೇಳಿದ ಬಿಲ ಅಂದರೆ ಇದು. ಮೊಮ್ಮಗನ ಪೆಟ್ಟಿಗೆ ಇದರ ಮುಂದೆ ಸಣ್ಣದೇ.

ನಿಮ್ಮ ಮೇಜು ನಿಮಗೆ ಸಿಗುವ ದಾರಿಯೂ ಇದೆ. ಹಾಸು ತುಂಬಿದ ಪೆಟ್ಟಿಗೆ ಭಾರ, ಓದುವ ಮೇಜು ಅದಕ್ಕೆ ತಕ್ಕದ್ದಲ್ಲ. ಗಟ್ಟಿಯಾದ ತಗ್ಗು ಪೀಠ ಮಾಡಿಸಲು ಹೇಳಿ. ಬಿಸಿಲು ನೇರ ಬೀಳದ, ಟಿವಿಯ ಸದ್ದಿಲ್ಲದ ಮೂಲೆಯಲ್ಲಿ ಇಡಲಿ. ಡಾಕ್ಟರೇ ಹೇಳಿದ್ದಾರೆ ಎನ್ನಿ.

ಪ್ರಶ್ನೆ: ಅಣ್ಣ-ತಮ್ಮ ಎರಡು ಸಿರಿಯನ್ ಹ್ಯಾಮ್‌ಸ್ಟರ್ ಇವೆ. ಮೂರು ತಿಂಗಳ ವಯಸ್ಸು. ಈಗೀಗ ಜಗಳ, ಒಂದರ ಕಿವಿ ಹರಿದಿದೆ. ದೊಡ್ಡ ಪಂಜರ ಕೊಟ್ಟರೆ ಹೊಂದಿಕೊಳ್ಳುತ್ತವೆಯೇ?

ಉತ್ತರ: ಇಲ್ಲ. ಇವತ್ತೇ ಬೇರೆ ಮಾಡಿ. ನಾಳೆ ಅಂತ ಇಟ್ಟುಕೊಳ್ಳಬೇಡಿ. ಕಿವಿಯ ಗಾಯವನ್ನು ಹತ್ತಿರದ ಪಶುವೈದ್ಯರಿಗೆ ತೋರಿಸಿ.

ಸಿರಿಯನ್ ಹ್ಯಾಮ್‌ಸ್ಟರ್ ಒಂಟಿ ಪ್ರಾಣಿ. ಮೇಲೆ ಹೇಳಿದ ಆ ಬಿಲಗಳಲ್ಲೂ ಬೆಳೆದು ದೊಡ್ಡದಾದ ಪ್ರಾಣಿ ಇದ್ದದ್ದು ಬಿಲಕ್ಕೆ ಒಂದೇ. ಮರಿಗಳಾಗಿದ್ದಾಗ ಒಟ್ಟಿಗೆ ಮಲಗುವುದನ್ನು ನೋಡಿ ನಮಗೆ ಪ್ರೀತಿ ಅನ್ನಿಸುತ್ತದೆ. ಆರೆಂಟು ವಾರ ಕಳೆದರೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಎರಡು ಪ್ರಾಣಿ ಅಂದರೆ ಎರಡು ಪೂರ್ತಿ ಅಳತೆಯ ಮನೆ. ಒಂದನ್ನೇ ನಡುವೆ ಜಾಲರಿ ಹಾಕಿ ಪಾಲು ಮಾಡಬೇಡಿ. ಜಾಗ ಅರ್ಧ ಆಗುತ್ತದೆ, ಶತ್ರುವಿನ ವಾಸನೆ ಮಾತ್ರ ಪೂರ್ತಿ ಉಳಿಯುತ್ತದೆ.

ಪ್ರಶ್ನೆ: ಮೊಲಕ್ಕೆ 90 ಸೆಂಟಿಮೀಟರ್ ಉದ್ದ, 60 ಅಗಲದ ಗೂಡಿದೆ. ದಿನಾ ಸಂಜೆ ಒಂದು ಗಂಟೆ ಹೊರಗೆ ಬಿಡುತ್ತೇವೆ. ಸಾಕಲ್ವಾ? ಪಕ್ಕದ ಮನೆಯವರು ಗಿನಿಯಿಲಿ ಸಾಕಬೇಕು ಅನ್ನುತ್ತಿದ್ದಾರೆ, ಅದಕ್ಕೆಷ್ಟು?

ಉತ್ತರ: ಸಾಲದು. ಬ್ರಿಟನ್ನಿನ ಮೊಲಪ್ರಿಯರ ಸಂಸ್ಥೆಗಳು ಎರಡು ಮೊಲಕ್ಕೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ ಹೇಳುತ್ತವೆ. ಅದೂ ಹಗಲು ರಾತ್ರಿ ಯಾವಾಗಲೂ. ದಿನಕ್ಕೆ ಒಂದು ಗಂಟೆಯ ಲೆಕ್ಕವಲ್ಲ. ಮೊಲ ಚುರುಕಾಗಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ನೀವು ಏಳುವ ಮೊದಲೇ ಅದರ ಅರ್ಧ ದಿನ ಗೂಡಿನಲ್ಲಿ ಕಳೆದುಹೋಗಿರುತ್ತದೆ. ಗೂಡಿನ ಬಾಗಿಲು ತೆಗೆದಿಟ್ಟು, ಸುತ್ತ ಮಡಚುವ ಬೇಲಿ ಹಾಕಿ ಕೋಣೆಯ ಒಂದು ಭಾಗವನ್ನೇ ಬಿಟ್ಟುಕೊಡಿ. ಕರೆಂಟ್ ವೈರುಗಳನ್ನು ಮಾತ್ರ ಮೊದಲು ಎತ್ತಿ ಕಟ್ಟಿ. ಹಿಂಗಾಲಿನ ಮೇಲೆ ನಿಂತರೆ ಕಿವಿ ಚಾವಣಿಗೆ ತಾಗಬಾರದು.

ಗಿನಿಯಿಲಿ ಒಂದನ್ನೇ ಸಾಕುವ ಯೋಚನೆ ಇದ್ದರೆ ಬೇಡ ಎನ್ನಿ. ಅದು ಗುಂಪಿನ ಪ್ರಾಣಿ, ಕನಿಷ್ಠ ಎರಡು ಬೇಕು. ಎರಡಕ್ಕೆ ತೀರಾ ಕಡಿಮೆ ಎಂದರೂ 120 ಸೆಂಟಿಮೀಟರ್ ಉದ್ದ, 60 ಅಗಲ ಬೇಕು. ಇದಕ್ಕೂ ಅಂತಸ್ತು ಉಪಯೋಗವಿಲ್ಲ, ಹತ್ತುವ ಜಾತಿಯಲ್ಲ. ಸಾಕಿದ ಇಲಿಗಾದರೆ ಎತ್ತರವೂ ಲೆಕ್ಕಕ್ಕೆ ಬರುತ್ತದೆ, ಅದು ಹತ್ತುತ್ತದೆ. ಪುಟ್ಟ ಗಿಳಿಗಳಿಗೆ ಎತ್ತರಕ್ಕಿಂತ ಉದ್ದ ಮುಖ್ಯ, ಹಕ್ಕಿ ಲಿಫ್ಟಿನ ಹಾಗೆ ನೇರ ಮೇಲಕ್ಕೆ ಹಾರುವುದಿಲ್ಲ.

ಪ್ರಶ್ನೆ: ಡಾಕ್ಟರ್ ಆಂಟಿ, ನನಗೆ ಹನ್ನೊಂದು ವರ್ಷ. ಅಪ್ಪ ನನ್ನ ಹ್ಯಾಮ್‌ಸ್ಟರ್‌ಗೆ ದೊಡ್ಡ ಗಾಜಿನ ತೊಟ್ಟಿ ತಂದರು. ಹಾಸು 30 ಸೆಂಟಿಮೀಟರ್ ಹಾಕಿದ್ದೇವೆ. ಆದರೆ ಈಗ ಅದು ಕಾಣಿಸುವುದೇ ಇಲ್ಲ! ಮೊದಲು ಚಿಕ್ಕ ಪಂಜರದಲ್ಲಿ ಯಾವಾಗಲೂ ಕಾಣುತ್ತಿತ್ತು. ಹಾಸು ಸ್ವಲ್ಪ ತೆಗೆಯಲಾ?

ಉತ್ತರ: ಬೇಡ ಪುಟ್ಟಾ. ಮೊದಲು ಯಾವಾಗಲೂ ಕಾಣುತ್ತಿದ್ದದ್ದು ಬಚ್ಚಿಟ್ಟುಕೊಳ್ಳಲು ಜಾಗ ಇರಲಿಲ್ಲ ಅಂತ.

ಆದರೆ ನಿನ್ನ ಬೇಜಾರು ನಿಜವಾದದ್ದೇ. ಒಂದು ಉಪಾಯ ಹೇಳುತ್ತೇನೆ. ಗಾಜಿನ ಹೊರಗೆ, ಹಾಸು ಇರುವಷ್ಟು ಎತ್ತರಕ್ಕೆ ಕಪ್ಪು ಕಾಗದ ಅಂಟಿಸು. ಮೇಲಿನ ಅಂಚಿಗೆ ಮಾತ್ರ ಟೇಪು, ಬಾಗಿಲಿನ ಹಾಗೆ ಎತ್ತಲು ಬರಬೇಕು. ಒಳಗೆ ಕತ್ತಲಿದ್ದರೆ ಹ್ಯಾಮ್‌ಸ್ಟರ್ ಗಾಜಿಗೆ ಒತ್ತಿಕೊಂಡೇ ಸುರಂಗ ಮಾಡುವ ಸಾಧ್ಯತೆ ಜಾಸ್ತಿ. ಒಂದು ವಾರ ಮುಟ್ಟಬೇಡ. ಕಷ್ಟ, ಗೊತ್ತು.

ಸಂಜೆ ಊಟ ಹಾಕುವಾಗ ಬಟ್ಟಲಿಗೆ ಹಾಕುವ ಬದಲು ಕಾಳನ್ನು ತೊಟ್ಟಿಯ ತಗ್ಗಿನ ಕಡೆ ಎಲ್ಲೆಲ್ಲೋ ಉದುರಿಸು. ಎರಡು ಸೂರ್ಯಕಾಂತಿ ಬೀಜ ಮರಳಿನಲ್ಲಿ ಹುಗಿಯಬಹುದು. ದೀಪ ಸಣ್ಣದು ಮಾಡಿ, ಮಾತಾಡದೆ ಕೂತುಕೋ. ಗುಂಡ ದಿನಾ ಒಂದೇ ಹೊತ್ತಿಗೆ ಬರುತ್ತಿತ್ತು, ಒಂಬತ್ತೂಕಾಲರ ಸುಮಾರಿಗೆ. ನಿನ್ನದು ಯಾವಾಗ ಬರುತ್ತದೆ ಎಂದು ಐದು ದಿನ ಬರೆದಿಡು.

ವಾರ ಕಳೆದ ಮೇಲೆ, ಹಗಲಲ್ಲಿ, ಕಾಗದ ಮೆಲ್ಲಗೆ ಎತ್ತಿ ಒಂದು ಕ್ಷಣ ನೋಡಿ ಬಿಟ್ಟುಬಿಡು. ಕಾಳು ಎಲ್ಲಿಟ್ಟಿದೆ, ಮಲಗುವುದೆಲ್ಲಿ ಎಂದು ಚಿತ್ರ ಬರೆದು ಕಳಿಸುತ್ತೀಯಾ?